ಕೆರೆಯಲ್ಲಿ ನಡೆದ ಮಡಕೆ

"ಕೆರೆ ನೋಡಕ್ಕೆ ಯಾರಾರ ಬಸ್ಸತ್ತಿ ಓಯ್ತಾರಾ?" ಎಂದು ನಮ್ಮಜ್ಜಿ ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಚಾಮರಾಜನಗರದ ಸುತ್ತ ಕೆರೆಗಳಿಗೆ ಬರವೆ? ಅಂಥದ್ದರಲ್ಲಿ ಗುಂಡ್ಲುಪೇಟೆಯ ಕೆರೆಯೇ ಬೇಕು ಎಂದು ಹಟ ಹಿಡಿದು ಕೂತವಳು ನಾನು, ಮದುವೆಗೆ ನಿಂತ ಹುಡುಗಿ. ಇದು ಐವತ್ತರ ದಶಕದ ಮಾತು. ಆಗೆಲ್ಲ ಮದುವೆಗೆ ನಿಂತ ಹುಡುಗಿ ಹಟ ಹಿಡಿದಳು ಎಂಬುದೇ ಬೀದಿಗೆಲ್ಲ ಸುದ್ದಿಯಾಗುತ್ತಿತ್ತು.

ಹಕ್ಕಿ ನೋಡುವ ಚಟ ನನಗೆ ಅಂಟಿಸಿದವನು ಅಪ್ಪ. ಅವನದು ಪೇಟೆಯಲ್ಲಿ ದವಸದ ಮಂಡಿ. ಬೆಟ್ಟದ ಮೇಲಿನ ಕಾಫಿ ತೋಟದ ಬಿಳಿಯನೊಬ್ಬ ದೇಶ ಬಿಟ್ಟು ಹೋಗುವಾಗ ಮನೆ ಸಾಮಾನು ಹರಾಜು ಹಾಕಿದನಂತೆ. ಒಳ್ಳೆಯ ತಕ್ಕಡಿ ಸಿಕ್ಕೀತು ಎಂದು ಹೋದ ಅಪ್ಪ ದುರ್ಬೀನು ಹೊತ್ತುಕೊಂಡು ಬಂದ. ಅವ್ವ ಸಿಟ್ಟಿನಲ್ಲಿ ಅವನ ಹತ್ತಿರ ಮಾತು ಬಿಟ್ಟಳು. ಮಂಡಿಗೆ ರಜೆ ಇದ್ದ ದಿನ ಅಪ್ಪ ಅದನ್ನು ಹೆಗಲಿಗೆ ನೇತುಹಾಕಿಕೊಂಡು ಹೊಲದ ಬದುಗಳ ಮೇಲೆ ತಿರುಗತೊಡಗಿದ. ಹಿಂದೆಯೇ ನಾನು. ನಮ್ಮ ಹತ್ತಿರ ಹಕ್ಕಿಗಳ ಪುಸ್ತಕ ಇರಲಿಲ್ಲ, ಅಂಥದ್ದೊಂದು ಇರುತ್ತದೆ ಎಂದೂ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ ಹಕ್ಕಿಗೆ ನಾವೇ ಒಂದು ಹೆಸರು ಇಟ್ಟುಬಿಡುತ್ತಿದ್ದೆವು. ದಾರಿಯಲ್ಲಿ ಸಿಕ್ಕವರು, "ಏನ್ ಸಾವ್ಕಾರ್ರೆ, ಮಗಳ್ಗೆ ಗಂಡು ಮರದ್ ಮ್ಯಾಲೆ ಉಡುಕ್ತಿದ್ದೀರಾ?" ಎಂದು ನಗುತ್ತಿದ್ದರು. ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ನನಗೂ ಅವನದೇ ಮೂಗು, ಅವನದೇ ಸಿಟ್ಟು.

ಗಂಡು ಸಿಕ್ಕಿದ್ದು ಮರದ ಮೇಲಲ್ಲ, ಗುಂಡ್ಲುಪೇಟೆಯಲ್ಲಿ. ನಮ್ಮ ಹಾಗೆಯೇ ಲಿಂಗ ಕಟ್ಟಿದ ಮನೆ, ಈರುಳ್ಳಿ ಮತ್ತು ದವಸದ ವ್ಯಾಪಾರ, ಬೇಸಾಯ ಬೇರೆ. ಅಪ್ಪ ಹುಡುಗನನ್ನು ಮಂಡಿ ವ್ಯವಹಾರದಲ್ಲಿ ಮೊದಲೇ ನೋಡಿ ಒಪ್ಪಿದ್ದ. ಅವರ ಕಡೆಯವರು ಬಂದು ನನ್ನನ್ನು ನೋಡಿಯೂ ಹೋಗಿದ್ದರು. ಆದರೆ ಹುಡುಗ ಬಂದಿರಲಿಲ್ಲ, ಅವನಿಗೆ ಜ್ವರವಂತೆ, ಆರೈಕೆಗೆಂದು ತಾಯಿಯೂ ಮನೆಯಲ್ಲೇ ಉಳಿದರಂತೆ. ಇನ್ನು ಬಾಕಿ ಇದ್ದದ್ದು ನಮ್ಮವರು ಹೋಗಿ ಅವರ ಮನೆ ನೋಡಿ ಬರುವ ಶಾಸ್ತ್ರ. ಅದಕ್ಕೆ ಹುಡುಗಿಯನ್ನು ಕರೆದೊಯ್ಯುವ ಹಾಗಿಲ್ಲ. ಮದುವೆಗೆ ಮುಂಚೆ ಹುಡುಗಿ ಆ ಮನೆಯ ಹೊಸಲು ತುಳಿದರೆ ಮುಗಿಯಿತು, ಬಜಾರಿ ಎಂಬ ಹೆಸರು ಕಾಯಂ.

ಅಪ್ಪನಿಗೆ ಮಾತ್ರ ಏನೋ ಕಸಿವಿಸಿ. "ಮನೆ ಬುಡು, ಬಾಳೋ ಊರಾದ್ರೂ ನೋಡ್ಲಿ ಮಗ" ಎಂದ. ಅಜ್ಜಿ ಬಡಪೆಟ್ಟಿಗೆ ಒಪ್ಪಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಎಲ್ಲರೂ ಎಲ್ಲಿಗೋ ಸುತ್ತಾಡಲು ಹೊರಟವರ ಹಾಗೆ ಹೊರಡುವುದು, ದಾರಿಯಲ್ಲಿ ಅಪ್ಪ ಅವ್ವ ಇಳಿದು ಶಾಸ್ತ್ರ ಮುಗಿಸುವುದು, ನಾನು ಸೋದರತ್ತೆಯ ಜೊತೆ ಬೇರೆ ಕಡೆ ಕಾಯುವುದು. ಎಲ್ಲಿಗೆ ಹೊರಟವರ ಹಾಗೆ? ಅಲ್ಲಿಗೆ ಜಗಳ ಶುರುವಾಯಿತು.

ಅಜ್ಜಿ ಗೋಪಾಲಸ್ವಾಮಿ ಬೆಟ್ಟ ಎಂದಳು. ಅಪ್ಪನ ಅಕ್ಕ, ನಮ್ಮತ್ತೆ, ಆಗ ನಮ್ಮ ಮನೆಗೆ ಬಂದು ಕೂತಿದ್ದಳು. ಅವಳು ಬಿಡುತ್ತಾಳೆಯೆ? "ಬೆಳಗೆದ್ದು ಲಿಂಗಪೂಜೆ ಮಾಡೋಳ್ಗೆ ಗೋಪಾಲಸ್ವಾಮಿ ಯಾಕವ್ವಾ?" ಎಂದಳು. "ಬೆಟ್ಟಕ್ಕೋದ್ರೆ ದೇವ್ರು ನಿನ್ ಜಾತಿ ಕೇಳ್ತನಾ?" ಎಂದು ಅಜ್ಜಿ ತಿರುಗಿಬಿದ್ದಳು. ಅತ್ತೆಯ ಗಂಡನ ಮನೆ ಪುಣಜನೂರು. ಅವಳ ಪ್ರಕಾರ ಹಕ್ಕಿ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು, ನವಿಲು ಹಿತ್ತಿಲಿಗೇ ಬಂದು ಕೂಗುತ್ತವೆ, ಆನೆ ಬೇಕಿದ್ದರೆ ಆನೆ. ಅಪ್ಪ ತಲೆ ಚಚ್ಚಿಕೊಂಡ. "ಅಕ್ಕಾ, ಪುಣಜನೂರು ಈ ಕಡೆಗೆ, ಗುಂಡ್ಲುಪೇಟೆ ಆ ಕಡೆಗೆ!" ಅತ್ತೆ ಸ್ವಲ್ಪವೂ ಅಲುಗಲಿಲ್ಲ. "ಬಳಸ್ಕೊಂಡ್ ಓಗನ ಬುಡು" ಎಂದಳು.

ಅಪ್ಪ ನನ್ನ ಕಡೆ ತಿರುಗಿ, "ನೀನೇ ಯೋಳಮ್ಮಿ, ಎಲ್ಗೆ?" ಎಂದ.

ನಾನು ಕೆರೆ ಎಂದೆ. ಮಂಡಿಗೆ ಬರುವ ಲಾರಿಯವರು ಹೇಳಿದ್ದು ನನ್ನ ಕಿವಿಯಲ್ಲಿತ್ತು: ಚಳಿ ಬಿದ್ದ ಮೇಲೆ ಗುಂಡ್ಲುಪೇಟೆ ಕೆರೆಯಲ್ಲಿ ಬಾತುಗಳು ಇಳಿದರೆ ನೀರೇ ಕಾಣುವುದಿಲ್ಲವಂತೆ. ಬೆಟ್ಟದಲ್ಲಿ ಇನ್ನೂ ಚೆಂದದ ಹಕ್ಕಿಗಳು ಇರಬಹುದು, ನನಗೇನು? ದಿನಾ ಬೆಟ್ಟ ಹತ್ತಲು ಯಾವ ಸೊಸೆಯನ್ನು ಬಿಡುತ್ತಾರೆ? ನೀರಿಗೆ, ಬಟ್ಟೆಗೆ ಎಂದು ಕೆರೆಗಾದರೆ ಹೋಗಬಹುದು. ಹುಡುಗ ಎಂಥವನು ಎಂದು ನನಗೆ ಯಾರೂ ಹೇಳಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಅಪ್ಪ ಇಲ್ಲದ ಊರಿನಲ್ಲಿ ಒಬ್ಬಳೇ ನಿಂತು ನೋಡಲು ಏನಾದರೂ ಇದೆಯೇ ಎಂಬುದಷ್ಟೇ ನನಗೆ ಬೇಕಿತ್ತು. ನಿಜ ಹೇಳಬೇಕೆಂದರೆ ರಾತ್ರಿಯೆಲ್ಲ ಅದೇ ಹೆದರಿಕೆಯಲ್ಲಿ ಹೊರಳಾಡುತ್ತಿದ್ದೆ.

ಅವರೆಕಾಯಿಯ ಕಾಲ. ಬೆಳಗಿನ ಬಸ್ಸಿಗೆ ಹೊರಟೆವು. ಅತ್ತೆ ಪುಣಜನೂರಿಗೆ ಆದ ಅವಮಾನವನ್ನು ತೆರಕಣಾಂಬಿಯವರೆಗೂ ಮೆಲುಕು ಹಾಕಿದಳು, ಆಮೇಲೆ ನಿದ್ದೆ ಹೋದಳು. ಗುಂಡ್ಲುಪೇಟೆಯಲ್ಲಿ ಇಳಿದರೆ ಬೀದಿಯುದ್ದಕ್ಕೂ ಈರುಳ್ಳಿಯ ಘಾಟು, ಕೇರಳದ ಕಡೆ ಹೊರಟ ಲಾರಿಗಳ ಸಾಲು. ಅಪ್ಪ ದುರ್ಬೀನನ್ನು ನನ್ನ ಕೊರಳಿಗೆ ಹಾಕಿ, ಸೆರಗು ಹೊದ್ದು ಮುಚ್ಚಿಕೊಳ್ಳಲು ಹೇಳಿದ. ಅವನ ಕಣ್ಣು ಕೆರೆಯ ದಿಕ್ಕಿಗೇ ಎಳೆಯುತ್ತಿತ್ತು. ಅವ್ವ ತೋಳು ಹಿಡಿದು ಎಳೆದುಕೊಂಡು ಹೋಗದಿದ್ದರೆ ಆ ಶಾಸ್ತ್ರ ಅವತ್ತು ಗಂಡಸರಿಲ್ಲದೆಯೇ ನಡೆಯಬೇಕಾಗುತ್ತಿತ್ತು.

ಲಾರಿಯವರು ಸುಳ್ಳು ಹೇಳಿರಲಿಲ್ಲ. ಏರಿಯ ಮೇಲೆ ನಿಂತವಳು ಹಾಗೆಯೇ ನಿಂತುಬಿಟ್ಟೆ. ಕೆರೆಯ ಆ ದಡದಿಂದ ಈ ದಡದವರೆಗೆ ಬಾತುಗಳು. ಕಂದು ತಲೆಯವು, ಬಿಳಿ ಪಕ್ಕೆಯವು, ಕತ್ತು ಒಳಗೆ ಎಳೆದುಕೊಂಡು ನೀರ ಮೇಲೇ ನಿದ್ದೆ ಮಾಡುವವು. ಈ ಊರು ಸಾಕು, ಇಲ್ಲಿಗೇ ಕೊಡಲಿ ಎಂದುಕೊಂಡೆ. ಗಂಡು ಯಾರಾದರೂ ಆಗಲಿ ಎಂದೂ ಅನ್ನಿಸಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಏರಿಯ ಕೆಳಗೆ ಹೊಂಗೆ ಮರದ ಹಿಂದೆ ಕೂತೆವು. ಮುಂದೆ ಜೊಂಡು, ಅದರಾಚೆ ನೀರು. ನೀರಿನ ಮೇಲೆ ಅಲ್ಲಲ್ಲಿ ಕರಿ ಮಡಕೆಗಳು ಬೋರಲಾಗಿ ತೇಲುತ್ತಿದ್ದವು. ಯಾಕಿರಬಹುದು ಎಂದು ಅತ್ತೆಯನ್ನು ಕೇಳಿದೆ. "ಯಾರೋ ಸತ್ತಿರ್ಬೇಕು, ನೋಡ್ಬ್ಯಾಡ" ಎಂದಳು ಅತ್ತೆ, ಬುತ್ತಿ ಬಿಚ್ಚುತ್ತಾ. ಬಾತುಗಳಿಗೂ ಆ ಮಡಕೆಗಳ ಪರಿವೆ ಇರಲಿಲ್ಲ, ಪಕ್ಕದಲ್ಲೇ ಈಜಾಡಿಕೊಂಡಿದ್ದವು.

ನಾನು ದುರ್ಬೀನು ಹಿಡಿದು ಒಂದೊಂದನ್ನೇ ನೋಡುತ್ತಿದ್ದೆ. ಒಂದು ಮಡಕೆ ಗಾಳಿಗೆ ಎದುರಾಗಿ ಹೋಗುತ್ತಿದೆ ಅನ್ನಿಸಿತು. ಉಳಿದವೆಲ್ಲ ಏರಿಯ ಕಡೆ ತೇಲಿ ಬರುತ್ತಿದ್ದರೆ ಇದೊಂದು ಮಾತ್ರ ಅತ್ತ ಹೊರಟಿತ್ತು. ಕಣ್ಣು ಉಜ್ಜಿಕೊಂಡೆ. ಮಡಕೆ ನಿಂತಿತು. ಅದರ ಪಕ್ಕಕ್ಕೆ ಒಂದು ಬಾತು ಬಂತು. ಮಡಕೆ ಇಷ್ಟೇ ಇಷ್ಟು ಸರಿಯಿತು. ಆಮೇಲೆ ಬಾತು ಇಲ್ಲ.

ಮುಳುಗಲಿಲ್ಲ, ಹಾರಲಿಲ್ಲ. ಇದ್ದದ್ದು ಇಲ್ಲವಾಯಿತು. ಒಂದು ಸದ್ದಿಲ್ಲ, ಪಕ್ಕದ ಬಾತು ತಿರುಗಿಯೂ ನೋಡಲಿಲ್ಲ. "ಅತ್ತೆ, ಮಡಕೆ ಬಾತನ್ನ ತಿಂತು" ಎಂದೆ. ಹಾಗೇ ಹೇಳಿದೆ, ನನಗೆ ತೋಚಿದ್ದೇ ಅದು. ಅತ್ತೆ ನನ್ನ ಹಣೆ ಮುಟ್ಟಿ ನೋಡಿ, ದುರ್ಬೀನು ಕಿತ್ತುಕೊಂಡಳು.

ಮಡಕೆ ಈಗ ನಮ್ಮ ಕಡೆಗೇ ಬರುತ್ತಿತ್ತು. ಜೊಂಡಿನ ಹತ್ತಿರ ಬಂದು ಮೇಲೆದ್ದಿತು. ಮಡಕೆಯ ಕೆಳಗೆ ಹೆಗಲು, ಹೆಗಲ ಕೆಳಗೆ ಎದೆ. ನೀರು ಸುರಿಸುತ್ತಾ ಒಬ್ಬ ಗಂಡಸು ಎದ್ದು ನಿಂತ. ತಲೆಯ ಮೇಲೆ ಬೋರಲು ಹಾಕಿಕೊಂಡ ಮಡಕೆಗೆ ಕಣ್ಣಿನ ನೇರಕ್ಕೆ ಎರಡು ತೂತು. ಉಳಿದ ಮಡಕೆಗಳನ್ನು ತೇಲಿಬಿಟ್ಟದ್ದು ಬಾತುಗಳ ಕಣ್ಣಿಗೆ ಮಡಕೆ ರೂಢಿಯಾಗಲಿ ಎಂದು. ಕೈಯಲ್ಲಿ, ಕಾಲು ಹಿಡಿದು ನೇತುಬಿಟ್ಟ ಬಾತು. ಎದೆಯ ಮೇಲೆ, ಬಿಸಿಲಿಗೆ ಫಳಫಳ ಹೊಳೆಯುವ ಬೆಳ್ಳಿ ಕರಡಿಗೆ. ಒಳಗೆ ಲಿಂಗ!

ಅತ್ತೆ ದುರ್ಬೀನನ್ನು ಕೆಳಗೆ ಹಾಕಿದಳು. ನಮ್ಮ ಮನೆಗಳಲ್ಲಿ ಮೊಟ್ಟೆ ಎಂಬ ಮಾತನ್ನೂ ಆಡುತ್ತಿರಲಿಲ್ಲ. ಕೋಳಿ ಕೊಯ್ಯುವ ಬೀದಿ ಬಂದರೆ ಬೇರೆ ಬೀದಿ ಹಿಡಿಯುತ್ತಿದ್ದೆವು. ಲಿಂಗ ಕಟ್ಟಿದ ಎದೆಯ ಪಕ್ಕದಲ್ಲೇ ಜೀವ ಹೋಗಲಿರುವ ಪಕ್ಷಿ ಒದ್ದಾಡುವುದನ್ನು ನಾವಿಬ್ಬರೂ ಹುಟ್ಟಿದ ಮೇಲೆ ಕಂಡಿರಲಿಲ್ಲ. ಯಾವನೋ ಕೆಟ್ಟವನು, ನಮಗೇನು ಎಂದುಕೊಳ್ಳುವಷ್ಟರಲ್ಲಿ ಏರಿಯ ಮೇಲೆ ಒಬ್ಬ ಆಳು ಏದುಸಿರು ಬಿಡುತ್ತಾ ಓಡಿ ಬಂದ.

"ಬುದ್ಧೀ! ಎಲ್ಲೆಲ್ಲಿ ಉಡ್ಕದು ನಿಮ್ಮ! ಚಾಮ್ರಾಜ್‌ನಗರದಿಂದ ಎಣ್ಣಿನ್ ಮನೆಯೋರು ಬಂದ್ ಕುಂತವ್ರೆ. ಮಾತೆಲ್ಲಾ ಆಯ್ತು, ಎಲೆ ಆಕ್ತಾವ್ರೆ!"

ನೀರಿನಲ್ಲಿದ್ದವನು ಮಡಕೆ ತೆಗೆದ. "ಮದ್ಯಾನ ಬತ್ತೀವಿ ಅಂದಿದ್ರಲ್ಲಾ! ನೀ ನಡಿ, ಬಂದೆ" ಎಂದ.

ನಾನು ಹೊಂಗೆ ಮರವನ್ನು ತಬ್ಬಿಕೊಂಡೆ. ಇವನಾ? ನಾಳೆ ನಾನು ಹೋಗಿ ಪಾತ್ರೆ ತಿಕ್ಕಬೇಕಾದ ಮನೆಯ ಗಂಡು ಇವನಾ? ಈಗ ತಾನೆ ನೋಡಿ ಕಣ್ಣು ತುಂಬಿಕೊಂಡ ಬಾತುಗಳನ್ನು ಒಂದೊಂದಾಗಿ ನೀರೊಳಗೆ ಎಳೆಯುವವನು?

ಅತ್ತೆ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಅಯ್ಯೋ, ಉಂಡ್ಬುಡ್ತಾರೆ ಕಣಮ್ಮಿ!" ಎಂದಳು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಮನೆ ನೋಡಲು ಹೋದ ಹೆಣ್ಣಿನ ಕಡೆಯವರು ಮನಸ್ಸಿಗೆ ಒಪ್ಪುವವರೆಗೆ ಆ ಮನೆಯ ನೀರನ್ನೂ ಮುಟ್ಟುವುದಿಲ್ಲ. ಮುಟ್ಟಿದರೋ, ಮಾತು ಕೊಟ್ಟ ಹಾಗೆ. ಪಾಯಸದ ಎಲೆಗೆ ಅಪ್ಪ ಕೈ ಹಾಕಿದನೆಂದರೆ ನಾನು ಆ ಮಡಕೆ ತಲೆಯವನ ಹೆಂಡತಿ. ಅತ್ತೆ ಬುತ್ತಿಯನ್ನು ಅಲ್ಲೇ ಬಿಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಜೊಂಡು ಬಳಸಿಕೊಂಡು ಊರಿನ ಕಡೆ ಓಡಿದಳು. ಅಷ್ಟು ಮೈಯಿದ್ದ ಹೆಂಗಸು ಹಾಗೆ ಓಡಿದ್ದನ್ನು ನಾನು ಮುಂದೆಯೂ ಕಾಣಲಿಲ್ಲ.

ಆ ಮನೆಗೆ ಹೋಗುವ ಹಾಗಿಲ್ಲದ ನಾನು ಅಲ್ಲೇ ಉಳಿದೆ. ದುರ್ಬೀನು ಹುಲ್ಲಿನ ಮೇಲೆ ಬಿದ್ದಿತ್ತು. ನೋಡಬಾರದು ಎಂದುಕೊಳ್ಳುತ್ತಲೇ ಎತ್ತಿ ಕಣ್ಣಿಗಿಟ್ಟೆ. ಕತ್ತು ಮುರಿಯುವುದನ್ನು ನೋಡಿಯೇ ಬಿಡೋಣ, ನೋಡಿದ್ದೇನೆ ಎಂದು ಅಪ್ಪನಿಗೆ ಹೇಳಬೇಕಲ್ಲ ಎಂಬ ಸಿಟ್ಟು.

ಆತ ಕತ್ತು ಮುರಿಯಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಕೂತು ಬಾತನ್ನು ಮಡಿಲಿಗೆ ಹಾಕಿಕೊಂಡ. ಒಂದು ರೆಕ್ಕೆ ಬಿಡಿಸಿ ಬಿಸಿಲಿಗೆ ಹಿಡಿದ. ಮುಚ್ಚಿದ, ಇನ್ನೊಂದನ್ನು ಬಿಡಿಸಿದ. ಎದೆಯ ಪುಕ್ಕಕ್ಕೆ ಬಾಯಿಂದ ಗಾಳಿ ಊದಿದ. ಕೊಕ್ಕನ್ನು ಬೆರಳಿನಿಂದ ಸವರಿದ. ಕಣ್ಣಿಗೆ ಕಣ್ಣು ತಾಗಿಸುವಷ್ಟು ಹತ್ತಿರ ಮುಖ ತಂದು ತುಂಬಾ ಹೊತ್ತು ನೋಡಿದ. ಆಮೇಲೆ ನೀರಿನ ಮೇಲೆ ಇಟ್ಟು ಕೈ ತೆಗೆದ.

ಬಾತು ಬಾಲ ಕೊಡವಿ, ಗೊಣಗಿಕೊಂಡು ಈಜಿ ಹೋಯಿತು.

ದಡದಲ್ಲಿ ಒಂದು ಬಿದಿರು ಕುಕ್ಕೆ ಬೋರಲಾಗಿತ್ತು. ಅದನ್ನು ಎತ್ತಿ ಒಳಗಿದ್ದ ಇನ್ನಷ್ಟು ಬಾತುಗಳನ್ನೂ ಹಾಗೆಯೇ ಒಂದೊಂದಾಗಿ ಬಿಟ್ಟ. ಮನೆಯಲ್ಲಿ ಹೆಣ್ಣಿನ ಕಡೆಯವರು ಕೂತಿದ್ದಾರೆ, ಎಲೆ ಹಾಕುತ್ತಿದ್ದಾರೆ ಎಂದು ಕೇಳಿಯೂ ಅವಸರ ಮಾಡದೆ, ಪ್ರತಿಯೊಂದರ ಮುಖವನ್ನೂ ನೋಡಿ ಬಿಟ್ಟ. ನಾನು ದಂಗಾಗಿ ಕೂತಿದ್ದೆ. ಮಡಕೆ ಬಾತು ನುಂಗಿದ್ದು ಕಂಡಾಗಲೂ ಅಷ್ಟು ಬೆಚ್ಚಿರಲಿಲ್ಲ. ನನ್ನ ಹಾಗೆ ಇನ್ನೊಬ್ಬರು ಇರುತ್ತಾರೆ ಎಂದು ಯಾರು ತಾನೆ ಎಣಿಸಿದ್ದರು? ದುರ್ಬೀನು ಇಲ್ಲದವರು ಏನು ಮಾಡುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಅತ್ತೆಯ ನೆನಪಾಯಿತು. ಅವಳ ನಾಲಿಗೆ ಎಷ್ಟು ಉದ್ದವೆಂದು ನನಗೆ ಗೊತ್ತು. ಎದ್ದೆ, ಬಿದ್ದೆ, ಓಡಿದೆ.

ಮನೆ ಯಾವುದೆಂದು ತಿಳಿಯದು. ಲಾರಿ ನಿಲ್ಲುವ ಕಡೆ ಚಾ ಮಾಡುತ್ತಿದ್ದ ಮಲಯಾಳಿ ಮುದುಕ ನನ್ನ ಕೊರಳ ದುರ್ಬೀನನ್ನೇ ನೋಡುತ್ತಾ ಕೈ ತೋರಿಸಿದ. ದೊಡ್ಡ ಬಾಗಿಲು, ಮುಂದೆ ಈರುಳ್ಳಿ ಚೀಲಗಳು, ಒಳಗಿನಿಂದ ಅತ್ತೆಯ ಸ್ವರ. ಹೊಸಲು ಬಂದಾಗ ಒಂದು ಗಳಿಗೆ ನಿಂತೆ. ದಾಟಿದರೆ ಬಜಾರಿ. ದಾಟಿದೆ.

ನಡುಮನೆಯಲ್ಲಿ ಎಲೆಗಳ ಸಾಲು. ಅಪ್ಪ ಎಲೆಯ ಮುಂದಿನಿಂದ ಎದ್ದು ನಿಂತಿದ್ದ. ಪಾಯಸ ಬಡಿಸಿದ್ದು ಹಾಗೇ ಇತ್ತು, ಬೆರಳು ತಾಗಿರಲಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ನನ್ ಮಗ ಮಾಂಸ ತಿಂತನಾ? ಯಾವ್ ಬಾಯ್ನಲ್ಲಿ ಅಂದೆ ಆ ಮಾತ?" ಎಂದು ಕೂಗುತ್ತಿದ್ದ ಹೆಂಗಸೇ ಹುಡುಗನ ತಾಯಿ ಎಂದು ತಿಳಿಯಿತು. "ಕಣ್ಣಾರೆ ಕಂಡಿವ್ನಿ!" ಎಂದು ಅತ್ತೆ. ಎಲ್ಲರ ತಲೆ ಒಟ್ಟಿಗೆ ನನ್ನ ಕಡೆ ತಿರುಗಿತು. ನಾನು ಬಾಯಿ ತೆರೆದೆ. ಓಡಿ ಬಂದ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ. ಊಟದವರಿಗೆಂದು ಇಟ್ಟಿದ್ದ ನೀರಿನ ಚೊಂಬು ಕೈಗೆ ಸಿಕ್ಕಿತು. ಎತ್ತಿ ಗಟಗಟ ಕುಡಿದೆ.

ಚೊಂಬು ಕೆಳಗಿಟ್ಟಾಗ ಎಲ್ಲರ ಕಣ್ಣೂ ಅದರ ಮೇಲೇ ಇತ್ತು. ಅವ್ವನ ಮುಖ ನೋಡಿದ ಮೇಲೆ ನಾನು ಮಾಡಿದ್ದು ಏನೆಂದು ತಿಳಿಯಿತು. ಹೆಣ್ಣಿನ ಕಡೆಯವರು ಆ ಮನೆಯ ನೀರು ಕುಡಿದಾಗಿತ್ತು. ಕುಡಿದವಳು ಖುದ್ದು ಹೆಣ್ಣು. ಬಾಯಾರಿಕೆಗೇ ಕುಡಿದದ್ದು, ಆಣೆ ಮಾಡಿ ಹೇಳುತ್ತೇನೆ. ಆದರೂ ಕುಡಿದದ್ದಕ್ಕೆ ನನಗೆ ಆ ಗಳಿಗೆಯಲ್ಲೂ ಬೇಸರವಾಗಲಿಲ್ಲ.

"ಬುಟ್ರು ಅಪ್ಪಾ" ಎಂದೆ. "ಇಡ್ದಿದ್ದನ್ನೆಲ್ಲಾ ಒಂದೊಂದಾಗಿ ನೋಡಿ ಬುಟ್ರು. ಒಂದನ್ನೂ ಕೊಲ್ನಿಲ್ಲ."

"ನೀನೇ ಕಂಡಾ?" ಎಂದ ಅಪ್ಪ.

"ಕಂಡೆ."

ಈಗ ಬೆಚ್ಚುವ ಸರದಿ ಹುಡುಗನ ತಾಯಿಯದು. ಮಗ ಬೆಳಗಾಗೆದ್ದು ತೋಟದಲ್ಲಿ ಲಿಂಗಪೂಜೆಗೆ ಕೂರುತ್ತಾನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದರಂತೆ ಅವರು. "ಕೆರೇಲಾ? ಮಡಕೆ ಆಕ್ಕೊಂಡಾ?" ಎಂದು ಗೋಡೆಗೆ ಒರಗಿದರು. ಸ್ವಲ್ಪ ಸುಧಾರಿಸಿಕೊಂಡವರೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದೆಂಥಾ ಎಣ್ಣಪ್ಪಾ! ನೀವು ಒಪ್ಪುದ್ರೆ ಆಯ್ತಾ? ನಾವು ಒಪ್ಬ್ಯಾಡ್ವಾ?" ಎಂದರು. ಅವರ ಮಾತು ನ್ಯಾಯವಾಗಿತ್ತು. ಹೊಸಲು ತುಳಿದವಳು, ಗಂಡಸರ ಮುಂದೆ ಚೊಂಬೆತ್ತಿ ಕುಡಿದವಳು, ನೀರಿಗಿಳಿದ ಗಂಡನ್ನು ಮರೆಯಲ್ಲಿ ಕೂತು ನೋಡಿದವಳು. ಯಾವ ಅತ್ತೆ ಒಪ್ಪುತ್ತಾಳೆ? ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಹಿತ್ತಿಲ ಬಾಗಿಲಿನಿಂದ ಅವರು ಬಂದರು, ಕೆರೆಯಲ್ಲಿ ಮಡಕೆ ಹೊತ್ತಿದ್ದವರು. ಒಗೆದ ಪಂಚೆ ಉಟ್ಟಿದ್ದರು, ತಲೆಯಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರ ಮುಖ ನೋಡಿದರು, ಅಡಗಿಸುವುದು ಏನೂ ಉಳಿದಿಲ್ಲ ಎಂದು ತಿಳಿದಿರಬೇಕು.

"ಎಂಥಕ್ಲಾ ಈ ಹುಚ್ಚು ನಿಂಗೆ?" ಎಂದರು ತಾಯಿ. ಸಿಟ್ಟಿಗಿಂತ ಅಳುವೇ ಹೆಚ್ಚಾಗಿತ್ತು ಆ ಸ್ವರದಲ್ಲಿ.

"ದೂರದಿಂದ ಎಲ್ಲಾ ಕರ್ರಗೇ ಕಾಣ್ತವೆ ಕಣವ್ವಾ" ಎಂದರು ಅವರು. "ಮುಟ್ಟಿ ನೋಡ್ದೆ ಎಂಗೆ ತಿಳಿಯದು?"

ನನ್ನ ಕೊರಳಿನ ದುರ್ಬೀನಿನ ಮೇಲೆ ಅವರ ಕಣ್ಣು ಬಿತ್ತು. ಅಲ್ಲಿಂದ ನನ್ನ ಮುಖಕ್ಕೆ ಬಂತು. ನಾನು ಯಾರು, ಎಲ್ಲಿ ಕೂತಿದ್ದೆ, ಎಷ್ಟು ಕಂಡೆ, ಎಲ್ಲ ತಿಳಿಯಿತು ಅನ್ನಿಸುತ್ತದೆ. ಕಿವಿಯವರೆಗೂ ಕೆಂಪಾದರು. ಹಾಗಿದ್ದೂ, ಅಷ್ಟು ಜನರ ಎದುರಿಗೇ ಕೇಳಿಬಿಟ್ಟರು.

"ಕೊನೇಲಿ ಬುಟ್ಟೆನಲ್ಲ, ಕರೀದು. ತಲೇಲಿ ಜುಟ್ಟು, ಕಣ್ಣು ಅರಿಸಿನ. ಅದ್ಕೆ ಏನಂತಾರೆ?"

"ಗೊತ್ತಿಲ್ಲ" ಎಂದೆ, ನೆಲ ನೋಡುತ್ತಾ. "ನಾವು ಜುಟ್ಟಯ್ಯ ಅಂತೀವಿ."

"ಜುಟ್ಟಯ್ಯ" ಎಂದರು ಅವರು. ಮನಸ್ಸಿಗೆ ತುಂಬಿಕೊಂಡ ಹಾಗೆ ಇನ್ನೊಂದು ಸಲ ಅಂದುಕೊಂಡರು.

ಅವರ ತಾಯಿ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಸಿಟ್ಟು ಇಳಿದಿರಲಿಲ್ಲ, ಅದು ಇಳಿಯಲು ವರ್ಷಗಳೇ ಬೇಕಾದವು. ಗೂಟದ ಮೇಲಿದ್ದ ಟವಲನ್ನು ಎಳೆದು ಮಗನ ತಲೆಯ ಮೇಲೆ ಎಸೆದರು.

"ತಲೆ ಒರ್ಸ್ಕೊ. ಅವ್ರ ಎಲೇಲಿ ಪಾಯ್ಸ ಆರೋಯ್ತಾ ಅದೆ."

ಅಪ್ಪ ಕೂತ. ಕೂತು, ಯಾರ ಮುಖವನ್ನೂ ನೋಡದೆ ಪಾಯಸಕ್ಕೆ ಕೈ ಹಾಕಿದ. ಒಳಗೆ ಹೆಂಗಸರ ಸಾಲಿನಲ್ಲಿ ನನಗೂ ಒಂದು ಎಲೆ ಹಾಕಿದರು.